ಬೀಗರ ರೀಲಿನ ತಿರುಪು

ಇಂದು ಭಾನುವಾರ, ಬೆಳಗಿನ ಹತ್ತೂಕಾಲು. ಸ್ಥಳ, ಪರದೇಶದ ಆಲ್ಮೆರೆ ಎಂಬ ಊರಿನಲ್ಲಿರುವ ಮಗಳ ಮನೆಯ ಹಜಾರ. ಹಾಜರಿದ್ದವರು ಬೀಗರು, ಬೀಗಿತ್ತಿ, ನನ್ನ ಮಗಳು ವೀಣಾ, ಅವಳ ಮೂರು ವಾರದ ಗಂಡುಕೂಸು, ಮತ್ತು ನಾನು. ಇವರೆದುರು ನಾನು ಒಪ್ಪಿಕೊಂಡದ್ದಿಷ್ಟು — ಬೀಗರ ಬಲಗೈಗೆ ಏನೂ ಆಗಿಲ್ಲ, ಎಂದೂ ಆಗಿರಲಿಲ್ಲ. ಅದು ಸೋತಿದೆ ಎಂದು ನಾಲ್ಕು ವರ್ಷ ಅವರನ್ನು ನಂಬಿಸಿದವನು ನಾನು.

ವಿವರವಾಗಿ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ವೀಣಾಳ ಮೊದಲ ಹೆರಿಗೆಗೆ ಎರಡೂ ಕಡೆಯವರು ಇಲ್ಲಿಗೆ ಬಂದಿದ್ದೆವು — ನಾವು ಮೈಸೂರಿನಿಂದ, ಬೀಗರು ಧಾರವಾಡದಿಂದ. ಬಾಣಂತನದ ಮನೆಯಲ್ಲಿ ಗಂಡಸರು ಕಾಲಿಗೆ ತೊಡರಬಾರದೆಂದು ಅಳಿಯ ನಮ್ಮಿಬ್ಬರಿಗೂ ಮೀನಿನ ಗಾಳದ ಕೋಲು, ದಾರ ಸುತ್ತುವ ರೀಲು ತಂದುಕೊಟ್ಟ; ಪರವಾನಗಿಯನ್ನೂ ಮಾಡಿಸಿದ. ನಮ್ಮೆರಡೂ ಮನೆಯವರು ಮೊಟ್ಟೆಯನ್ನೂ ಮುಟ್ಟುವವರಲ್ಲ. ಆದ್ದರಿಂದ ಗಾಳದ ಕೊಕ್ಕೆ ಕಳಚಿಟ್ಟು, ದಾರದ ತುದಿಗೆ ಬರೀ ಸೀಸದ ತುಂಡು ಕಟ್ಟಿ, ಹಿತ್ತಿಲ ಕಾಲುವೆಯಲ್ಲಿ ಯಾರು ದೂರ ಎಸೆಯುತ್ತಾರೆಂದು ನೋಡುತ್ತಿದ್ದೆವು. ದಾರಿಹೋಕರು ಸೈಕಲ್ ನಿಲ್ಲಿಸಿ, ಏನಾದರೂ ಸಿಕ್ಕಿತೇ ಎಂದು ಕೇಳುವರು. ಬೀಗರು, "ನೋ ಹುಕ್, ನೋ ಫಿಶ್, ಓನ್ಲಿ ಥ್ರೋ!" ಎಂದು ನಗುವರು. ಕೇಳಿದವರು ತಿರುತಿರುಗಿ ನೋಡುತ್ತಾ ಹೋಗುವರು.

ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಸೇವೆ ಸಲ್ಲಿಸಿದವನು ನಾನು. ಆ ರೀಲು ಒಂದೇ ದಿನಕ್ಕೆ ಅರ್ಥವಾಯಿತು. ಹಿಡಿಯ ಪಕ್ಕ ಒಂದು ತಿರುಪು. ಒತ್ತುಗುಂಡಿ ಅದುಮಿದರೆ ಸೀಸ ತನ್ನ ಭಾರಕ್ಕೆ ನಿಧಾನವಾಗಿ ಇಳಿಯಬೇಕು, ನೆಲ ಮುಟ್ಟಿದೊಡನೆ ದಾರದ ಸುರುಳಿ ನಿಲ್ಲಬೇಕು. ಅಷ್ಟಕ್ಕೆ ತಿರುಪನ್ನು ಹೊಂದಿಸಿ, ಎಸೆಯುವಾಗ ಹೆಬ್ಬೆರಳನ್ನು ಸುರುಳಿಗೆ ಹಗುರವಾಗಿ ಸೋಕಿಸಿಕೊಂಡರೆ ದಾರ ತಡೆಯಿಲ್ಲದೆ ಓಡುತ್ತದೆ. ಸಡಿಲವಾದರೆ ಸುರುಳಿ ದಾರವನ್ನೂ ಮೀರಿ ತಿರುಗಿ ಸಿಕ್ಕೋ ಸಿಕ್ಕು. ಬಿಗಿಯಾದರೆ ಸೀಸ ಕಾಲಬುಡದಲ್ಲೇ ದೊಪ್ಪೆನ್ನುತ್ತದೆ.

ಬೀಗರಿಗೆ ಹೆಬ್ಬೆರಳಿನ ಸಂಯಮವಿರಲಿಲ್ಲ. ಕಾಲೇಜಿನಲ್ಲಿ ಗುಂಡು ಎಸೆದು ಬಹುಮಾನ ಗೆದ್ದ ತೋಳು; ಬೀಸಿದರೆಂದರೆ ದಾರ ಹಕ್ಕಿಗೂಡಾಗುತ್ತಿತ್ತು. ಅದನ್ನು ಬಿಡಿಸುತ್ತಾ ಕೂತರೆ ನನ್ನ ಎಂಟು ಗಂಟೆಯ ಉಪ್ಪಿಟ್ಟು ಒಂಬತ್ತಕ್ಕೆ. ಹೆಣ್ಣು ಕೊಟ್ಟವನು ನಾನು — ಬೀಗರ ರೀಲನ್ನು ದಿನಾ ಒರೆಸಿ, ಸಿದ್ಧಮಾಡಿ ಕೈಗೆ ಕೊಡುವುದು ಮರ್ಯಾದೆಯೆಂದು ನಾನೇ ವಹಿಸಿಕೊಂಡಿದ್ದೆ. ಒಂದು ಬೆಳಗ್ಗೆ ಹಾಗೆ ಒರೆಸುವಾಗ ತಿರುಪನ್ನು ಕೊಂಚ ಬಿಗಿಮಾಡಿದೆ. ಸಿಕ್ಕು ತಪ್ಪಲಿ ಎಂದು — ಆ ಒಂದು ದಿನದ ಮಟ್ಟಿಗೆ, ಸಿಕ್ಕು ತಪ್ಪಲಿ ಎಂದೇ.

ಬೀಗರು ಎಸೆದರು. ಸೀಸ ದಡದ ಬಾತುಕೋಳಿಗಳ ಪಕ್ಕ ಬಿತ್ತು. ಅವು ಸರಿದು ಕೂರುವ ಗೋಜಿಗೂ ಹೋಗಲಿಲ್ಲ. ಬೀಗರು ರೀಲನ್ನು ನೋಡಲಿಲ್ಲ, ತೋಳನ್ನು ನೋಡಿಕೊಂಡರು.

"ಏನ್ರೀ ಬೀಗರ, ನನ್ನ ರಟ್ಟಿ ಬಿತ್ತೇನು?"

ಆಗ ಹೇಳಿಬಿಡಬಹುದಿತ್ತು. ನಾನು ಹೇಳಿದ್ದು —

"ವಯಸ್ಸಾಯ್ತಲ್ಲ, ಬೀಗರೆ."

ಮರುದಿನ ತಿರುಪನ್ನು ಇನ್ನಷ್ಟು ಬಿಗಿಮಾಡಿದೆ. ಏಕೆಂದು ಇಂದು ಹೇಳಲೇಬೇಕು. ಆಗ ತಾನೇ ಹುಟ್ಟಿದ್ದ ಮೊಮ್ಮಗಳು ತಾರಾ ನನ್ನ ಕೈಗೆ ಬಂದರೆ ಚೀರುತ್ತಿದ್ದಳು. ಬೀಗರ ಅಗಲ ತೋಳಿನಲ್ಲಿ ಮಲಗಿಸಿದರೆ ಗಪ್‌ಚಿಪ್. ನಾನು ಹೊತ್ತು ಹೊತ್ತಿಗೆ ಸರಿಯಾಗಿ ತೂಗಿದರೂ ಚೀರು, ಅವರು ಟಿ.ವಿ. ನೋಡುತ್ತಾ ಹಾಗೇ ಹಿಡಿದರೂ ನಿದ್ದೆ. ಇದು ಯಾವ ನ್ಯಾಯ?

ಬೀಗರು ಡಾಕ್ಟರ ಬಳಿ ಹೋದರು. ಭುಜ ಚೆನ್ನಾಗಿದೆ, ನೋವಿದ್ದರೆ ಪ್ಯಾರಾಸಿಟಮಾಲ್ ನುಂಗಿ ಎಂದು ಕಳಿಸಿದರಂತೆ. "ಈ ದೇಶದ ಡಾಕ್ಟರಿಗೆ ಏನೂ ತಿಳಿಯಂಗಿಲ್ರೀ" ಎಂದು ಬೀಗರು ಬೀಗಿತ್ತಿಯಿಂದ ಎಣ್ಣೆ ತಿಕ್ಕಿಸಿಕೊಂಡರು. ನಾನು ಎಣ್ಣೆ ಬಿಸಿಮಾಡಿ ಕೊಟ್ಟೆ. ಆ ವಾರವೇ ಅವರು ಕೂಸನ್ನು ಎತ್ತಿಕೊಳ್ಳುವುದನ್ನು ಬಿಟ್ಟರು — ಕೈ ಜಾರಿದರೆ ಏನು ಗತಿ ಎಂದು. ತಾರಾ ಪೂರ್ತಿ ನನ್ನ ಪಾಲಿಗೆ ಬಂದಳು. ಚೀರುತ್ತಲೇ ಬಂದಳು, ಆದರೂ ನನಗೆ ಸಂತೋಷವಾಗಿತ್ತು.

ಊರಿಗೆ ಮರಳಿದ ಮೇಲೆ ಪತ್ರ ಬರೆಯೋಣವೆಂದುಕೊಂಡೆ, ಬರೆಯಲಿಲ್ಲ. ಹಬ್ಬಕ್ಕೆ ಫೋನ್ ಮಾಡಿದಾಗಲೆಲ್ಲ, ಕೈ ಹೇಗಿದೆ ಎಂದು ವಿಚಾರಿಸುವ ನಾಲಗೆಯೂ ನನಗಿತ್ತು.

ಈಗ ಎರಡನೆಯ ಹೆರಿಗೆಗೆ ಎಲ್ಲರೂ ಮತ್ತೆ ಇಲ್ಲಿ ಸೇರಿದ್ದೇವೆ. ಇಂದು ಬೆಳಗ್ಗೆ ವೀಣಾ, "ಮಾವ, ಇವನನ್ನ ಒಂದ್ನಿಮಿಷ ಹಿಡ್ಕೊಳ್ತೀರಾ? ಸ್ನಾನ ಮಾಡಿ ಬಂದ್ಬಿಡ್ತೀನಿ" ಎಂದಳು. ಬೀಗರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಬ್ಯಾಡವಾ. ನಿಮ್ಮಪ್ಪಗ ಕೊಡು. ಅವರ ಕೈ ಗಟ್ಟಿ ಐತಿ." ಹೀಗೆಂದು ಕೂಸಿನ ಕಡೆ ನೋಡಿದರಲ್ಲ — ಆ ನೋಟ —

ನಾನು ಎದ್ದು ಸಾಮಾನು ಕೋಣೆಗೆ ಹೋದೆ. ಅವರ ರೀಲು ಅಲ್ಲೇ ಇತ್ತು, ನಾನು ಬಿಗಿದಂತೆಯೇ. ತಂದು ಅವರೆದುರು ಹಿಡಿದು ಗುಂಡಿ ಅದುಮಿದೆ. ಸೀಸ ಕದಲಲಿಲ್ಲ. ತಿರುಪು ಸಡಿಲಿಸಿದೆ. ಅದು ಮೆಲ್ಲನೆ ಇಳಿದು ನೆಲಹಾಸು ಮುಟ್ಟಿ ನಿಂತಿತು. ಆಮೇಲೆ ಎಲ್ಲವನ್ನೂ ಹೇಳಿದೆ — ಬಾತುಕೋಳಿ, ಎಣ್ಣೆ, ತಾರಾ, ಎಲ್ಲವನ್ನೂ.

ಮೊದಲು ಬಾಯಿಬಿಟ್ಟವರು ಬೀಗಿತ್ತಿ. "ಶಿವನ! ನಾಕು ವರ್ಷ ತಿಕ್ಕಿ ತಿಕ್ಕಿ ನನ್ನ ರಟ್ಟಿ ಬಿದ್ದಾವಲ್ರೀ! ಇವನ್ನ ಯಾರು ತಿಕ್ಕವ್ರು?"

"ಅಪ್ಪಾ, ನಿಮಗೇನ್ ಹುಚ್ಚಾ?" ಎಂದಳು ವೀಣಾ.

ಬೀಗರು ಬೈಯಲಿಲ್ಲ. ಬೈದಿದ್ದರೆ ಕೇಳಿಸಿಕೊಳ್ಳಲು ನಾನು ನೆಟ್ಟಗೆ ನಿಂತಿದ್ದೆ. ಬಲಗೈಯನ್ನು ಮುಂದೆ ತಂದು ಒಮ್ಮೆ ಮಡಚಿ, ಬಿಚ್ಚಿ ನೋಡಿಕೊಂಡು ಕೇಳಿದರು, "ಹಂಗಾರ ಇದು ನೆಟ್ಟಗ ಐತೇನ್ರೀ?"

"ನೆಟ್ಟಗಿದೆ, ಬೀಗರೆ."

"ತಾರಾ ಸಣ್ಣಾಕಿ ಇದ್ದಾಗ..." ಎಂದರು.

ವೀಣಾ ಕೂಸನ್ನು ಅವರ ತೋಳಿಗೆ ಇಳಿಸಿದಳು. ಅವರು ಕೂಸಿನ ಮೇಲೆ ಕಣ್ಣಿಟ್ಟು ಉಸಿರು ಬಿಗಿಹಿಡಿದು ಕೂತರು. ಅದು ಒಂದು ಸಲ ಆಕಳಿಸಿ ಮಲಗಿಬಿಟ್ಟಿತು. ಮಧ್ಯಾಹ್ನದ ಊಟವನ್ನು ಬೀಗರು ಎಡಗೈಯಲ್ಲಿ ಚಮಚ ಹಿಡಿದು ಮುಗಿಸಿದರು. ಸಂಜೆ ಚಹಾಕ್ಕೂ ಕೂಸನ್ನು ಇಳಿಸಲಿಲ್ಲ.

"ಬೀಗರೆ, ಸ್ವಲ್ಪ ಹೊತ್ತು ನಾನು..." ಎಂದೆ.

"ನೀವು ಅರಿವಿ ಮಡಚ್ರಿ" ಎಂದರು, ತಲೆಯೆತ್ತದೆ.

ಒಣಗಿದ್ದ ಅಂಗಿ, ಕುಲಾವಿ, ಲಂಗೋಟಿಗಳನ್ನೆಲ್ಲ ಅಂಚಿಗೆ ಅಂಚು ಕೂಡಿಸಿ ಮಡಚಿ ಕಪಾಟಿನಲ್ಲಿಟ್ಟೆ.