ಶ್ರೀಕಾರದ ಕೆಳಗಿನ ಸಾಲು

ದೊಡ್ಡಬಳ್ಳಾಪುರದ ಸೀರೆ ವ್ಯಾಪಾರಿ ಕೋದಂಡರಾಮಯ್ಯನವರ ಮಗ ಶಶಿಕುಮಾರ, ಕೈ ಕೆಸರಾಗದೆ ಬಾಯಿ ಮೊಸರಾಗುವ ದಾರಿ ಹುಡುಕುವವನು. ದೇವನಹಳ್ಳಿಗೆ ವಿಮಾನ ಬಂದ ಮೇಲೆ ಅಲ್ಲೊಂದು ಸರಕು ಕಚೇರಿಯಲ್ಲಿ ಕಂಪ್ಯೂಟರ್ ಕುಟ್ಟಿ, ಕಲಿತ ಬುದ್ಧಿಯನ್ನು ಅಂಗಡಿಗೆ ಹೊತ್ತು ತಂದ.

ಸೋಮವಾರ ಸೋಮವಾರ ನೇಕಾರರು ತಮ್ಮಲ್ಲಿ ಎಷ್ಟು ಮಗ್ಗ ಖಾಲಿ ಅಂತ ಅಂಗಡಿಯ ವಾಟ್ಸ್ಯಾಪ್ ಗುಂಪಿಗೆ ಬರೆಯುತ್ತಿದ್ದರು. ಅದನ್ನು ನೋಡಿ ನೂಲು ಹಂಚುವುದು. ನಡುವೆ ಗುಡ್ ಮಾರ್ನಿಂಗ್ ಹೂವು, ಮದುವೆ ಕರೆಯೋಲೆ. ಓದಿ ಬೇಸತ್ತ ಶಶಿ, ಕಂಪ್ಯೂಟರಿನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಅಕ್ಷರ ಸೋಸುವ ಜರಡಿ ಕಟ್ಟಿದ. ಕಳಿಸಿದವರ ಹೆಸರು, ಎರಡು ಚುಕ್ಕಿ, ಅದೇ ಸಾಲಲ್ಲಿ ಒಂದು ಅಂಕಿ, ಪಕ್ಕದಲ್ಲಿ 'ಮಗ್ಗ'. ಈ ಆಕಾರಕ್ಕೆ ಕೂತದ್ದು ಪಟ್ಟಿಗೆ, ಮಿಕ್ಕಿದ್ದು ಕಸಕ್ಕೆ.

"ಯಂತ್ರ ಓದ್ತದೆ, ನೀನು ನಿದ್ದೆ ಮಾಡ್ತೀಯ. ಭೇಷ್!" ಅಂದರು ಅಪ್ಪ.

ದೀಪಾವಳಿ ಕಳೆದ ಮೇಲೆ ಅವರೇ ಕೇಳಿದರು: "ನಾಗಲಕ್ಷ್ಮಮ್ಮ ಯಾಕೋ ನೂಲು ಒಯ್ತಾನೇ ಇಲ್ಲ? ಬೇರೆ ಅಂಗಡಿ ಹಿಡಿದ್ರಾ?"

ಶಶಿ ಗುಂಪು ತೆರೆದು ನೋಡಿದ. ಆಯಮ್ಮ ಒಂದು ವಾರವೂ ತಪ್ಪಿಸಿರಲಿಲ್ಲ. ಮೇಲೆ 'ಶ್ರೀ', ಅದರ ಕೆಳಗೆ '2 ಮಗ್ಗ ಖಾಲಿ'. ಚೀಟಿಯಾಗಲಿ, ಫೋನಾಗಲಿ, ಶ್ರೀಕಾರ ಹಾಕದೆ ಅವರ ಬೆರಳು ಆಡದು. ಜರಡಿಯೋ, ಮೊದಲ ಸಾಲು ಮುಗಿದಲ್ಲೇ ನಿಲ್ಲುವಂಥದ್ದು.

ಅವರ ಮನೆಗೆ ಹೋದ. ಒಂದು ಮಗ್ಗ ಸುಮ್ಮನೆ ನಿಂತಿತ್ತು. ಇನ್ನೊಂದರ ಜಾಗದಲ್ಲಿ ಬರೀ ಎಣ್ಣೆ ಕಲೆ.

"ಮೊನ್ನೆ ತಾನೇ ಗುಜರಿಗೆ ಹಾಕ್ಬಿಟ್ಟೆ ಕಣಪ್ಪ. ನಮ್ಮ ನೇಯ್ಗೆ ಕೆಟ್ಟೋಯ್ತೇನೋ, ಅದಕ್ಕೇ ನಿಮ್ಮಪ್ಪ ನೂಲು ಕೊಡ್ತಿಲ್ಲ ಅಂದ್ಕೊಂಡೆ. ಅಂಚು ನೆಟ್ಟಗಿಲ್ಲ ಅಂತ ಸೊಸೆ ಅರುಣಾನ ಬೈದೂ ಬೈದೂ... ಇಲ್ಲೇ ದೇವನಹಳ್ಳಿ ಪಕ್ಕದ ವಿಜಯಪುರಕ್ಕೆ, ತವರಿಗೆ ಹೊರಟೋದ್ಳು."

"ಅಪ್ಪನ್ನ ಒಂದ್ಮಾತು ಕೇಳ್ಬಾರ್ದಿತ್ತಾ ನಾಗಲಕ್ಷ್ಮಮ್ಮಾ?"

"ಬೇಡ ಅಂದೋರ ಬಾಗಿಲು ತಟ್ಟಾಕಾಯ್ತದಾ?"

ಜರಡಿಯನ್ನು ಸದ್ದಿಲ್ಲದೆ ಸರಿಮಾಡಿ ಮುಂದಿನ ವಾರ ನೂಲು ಕಳಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬರುವಾಗ ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕಿದ್ದ. ಆದರೆ ಎಣ್ಣೆ ಕಲೆಯ ಮುಂದೆ ಬಾಯಿ ತಾನೇ ತೆರೆದುಕೊಂಡಿತು. ಎಲ್ಲ ಹೇಳಿದ.

ನಾಗಲಕ್ಷ್ಮಮ್ಮ ಫೋನು ತೆಗೆದು ತಮ್ಮ ಸಂದೇಶ ನೋಡಿದರು. "ಶ್ರೀ ಬರೆದಿದ್ದು ತಪ್ಪಾಯ್ತಾ?"

"ನಿಮ್ದಲ್ಲ. ಕೆಳಗಡೆ ನೋಡು ಅಂತ ನಾನು ಯಂತ್ರಕ್ಕೆ ಹೇಳಿರ್ಲಿಲ್ಲ."

"ಹಂಗಾದ್ರೆ ಸ್ಕೂಟರ್ ತೆಗಿ. ಇದನ್ನ ನನ್ನ ಸೊಸೆ ಮುಂದೆ ಬಂದು ಹೇಳು."

ವಿಜಯಪುರಕ್ಕೆ ಹೋಗಿ ಹೇಳಿದ, ತಲೆ ತಗ್ಗಿಸಿಕೊಂಡು. ಅರುಣಾ ಕಾಫಿ ಕೊಟ್ಟಳು, ಬರ್ತೀನಿ ಅಂತ ಮಾತು ಕೊಡಲಿಲ್ಲ.

ಸೋಮವಾರ ಸಂದೇಶ ಬಂತು: 'ಶ್ರೀ.' ಕೆಳಗೆ, '1 ಮಗ್ಗ ಖಾಲಿ.' ಅದರ ಕೆಳಗೆ, 'ಅರುಣಾ ಬಂದವಳೆ.'

ರಿಪೇರಿಯಾದ ಜರಡಿ '1 ಮಗ್ಗ' ಎಂಬುದನ್ನು ಸರಿಯಾಗಿ ಹಿಡಿಯಿತು. ಮಿಕ್ಕದ್ದು ಅದಕ್ಕೆ ಕಸ. ಶಶಿ ಈಗ ಹೂವು, ಕರೆಯೋಲೆ ಬಿಡದೆ ಗುಂಪು ಪೂರ್ತಿ ಓದುತ್ತಾನೆ.

"ಯಂತ್ರ ಓದ್ತಿತ್ತಲ್ಲೋ?" ಅಪ್ಪ ಕೆಣಕಿದರು.

"ಓದ್ತದೆ. ನಾನೂ ಓದ್ತೀನಿ," ಅಂದ ತಲೆಯೆತ್ತದೆ.