ಆ ಮಂಗಳವಾರ ಮ್ಯೂಸಿಯಂ ತೆರೆದಿತ್ತು

ಆ ಮಂಗಳವಾರ ಮ್ಯೂಸಿಯಂ ತೆರೆದಿತ್ತು. ಮುಚ್ಚಿದೆ ಎಂದು ನಾನು ಹೇಳಿದ್ದು ಸುಳ್ಳು. ನನ್ನ ಮಾತು ನಂಬಿ ಒಬ್ಬರು ಮ್ಯೂಸಿಯಂ ಹತ್ತಿರದವರೆಗೆ ಬಂದು ವಾಪಸು ಹೋದರು — ಎರಡು ಕಣ್ಣೂ ಚೆನ್ನಾಗಿ ಕಾಣುತ್ತಿದ್ದ ಕಾಲದಲ್ಲಿ. ಇದನ್ನು ಮೊದಲು ಹೇಳಬೇಕಾದದ್ದು ಅವರಿಗೆ. ಅವರಿಗೆ ಹೇಳದೆ ನಿಮ್ಮ ಮುಂದೆ ಬರೆಯುತ್ತಿದ್ದೇನೆ. ಇದೂ ಹೇಡಿತನವೇ ಇರಬಹುದು — ಆದರೂ ಎಲ್ಲಿಂದಲಾದರೂ ಶುರುವಾಗಲಿ.

ನಮ್ಮ ಕನ್ನಡ ಸಂಘದವರು ಕೇಳಿದ್ದೇ ಬೇರೆ. ವಾರ್ಷಿಕ ಸಂಚಿಕೆಗೆ ನಿಮ್ಮ ಗೆಲುವಿನ ಕಥೆ ಬರೆದುಕೊಡಿ ರಾಜಣ್ಣ ಎಂದರು. ಗೆದ್ದಿದ್ದೇನೆ, ಇಲ್ಲ ಅನ್ನುವುದಿಲ್ಲ. ಮದ್ದೂರು ಕಡೆಯ ಹಳ್ಳಿಯಲ್ಲಿ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ನೂಕಿದೆ, ಬೆಂಗಳೂರಿನ ಹೋಟೆಲಿನಲ್ಲಿ ದೋಸೆ ಹುಯ್ದೆ, ಆ ಹೋಟೆಲಿನವರೇ ಅಡುಗೆಗೆಂದು ಇಲ್ಲಿಗೆ ಕರೆಸಿಕೊಂಡರು. ಇವತ್ತು ಗಿಲ್‌ರಾಯ್‌ನಲ್ಲಿ ಸ್ವಂತ ಮನೆ, ಬಾಗಿಲಲ್ಲಿ ಸ್ವಂತ ವ್ಯಾನು. ಯಾರ ಕೈಕಾಲೂ ಹಿಡಿದಿಲ್ಲ.

ನನ್ನ ಕೆಲಸ ನಿಮ್ಮಲ್ಲಿ ಅನೇಕರಿಗೆ ಗೊತ್ತು, ನಿಮ್ಮ ಅಪ್ಪ ಅಮ್ಮಂದಿರನ್ನೇ ಕೂರಿಸಿಕೊಂಡು ಓಡಾಡಿದ್ದೇನೆ. ಊರಿಂದ ಹಿರಿಯರು ಬರುತ್ತಾರೆ. ಮಗ ಆಫೀಸಿಗೆ, ಸೊಸೆ ಆಫೀಸಿಗೆ, ಮಗು ಡೇಕೇರಿಗೆ. ಅಪಾರ್ಟ್‌ಮೆಂಟಿನಲ್ಲಿ ಗೋಡೆ ನೋಡುತ್ತಾ ಕೂತವರನ್ನು ಸ್ಯಾನ್ ಹೊಸೆಯಿಂದ, ಮೌಂಟನ್ ವ್ಯೂಯಿಂದ ಹತ್ತಿಸಿಕೊಂಡು ಸ್ಯಾನ್ ಫ್ರಾನ್ಸಿಸ್ಕೋ ತೋರಿಸಿ, ಸಂಜೆ ಮನೆಗೆ ಬಿಡುವುದು. ಅವರ ಕೈಯಲ್ಲಿ ಚಿತ್ರಾನ್ನ, ಮೊಸರನ್ನದ ಡಬ್ಬಿ. ಫ್ರೀವೇ ಹತ್ತುವ ಮೊದಲೇ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಎಷ್ಟು ಓದಿದ್ದೀಯಪ್ಪಾ?" ಮೊದಲ ಸಲ ಬಾಯಿತಪ್ಪಿ ಬಿ.ಕಾಂ. ಅಂದೆ. ಬಾಯಿತಪ್ಪಿಯೇ? ಅಲ್ಲ, ಬೇಕೆಂದೇ ಅಂದೆ. ಆಮೇಲೆ ಅದೇ ನಿಂತುಬಿಟ್ಟಿತು.

ಚಿನ್ನ ಸಿಕ್ಕಿತು ಎಂಬ ಸುದ್ದಿಗೆ ಜಗತ್ತೇ ಓಡಿಬಂದು ಕಟ್ಟಿಕೊಂಡ ಊರು ಸ್ಯಾನ್ ಫ್ರಾನ್ಸಿಸ್ಕೋ. ಸೇತುವೆ, ಸಮುದ್ರ, ಸುರುಳಿ ರಸ್ತೆ ತೋರಿಸುವುದಕ್ಕೆ ಓದು ಬೇಕಿಲ್ಲ. ಮ್ಯೂಸಿಯಂ, ಗ್ಯಾಲರಿ ಹಾಗಲ್ಲ — ಪ್ರತಿ ಚಿತ್ರದ ಪಕ್ಕದಲ್ಲೂ ಒಂದು ಬೋರ್ಡು, ಇರುವೆ ಸಾಲಿನಂಥ ಇಂಗ್ಲಿಷು. ರಸ್ತೆಯ ಬೋರ್ಡು ಓದುತ್ತೇನೆ. ಇದು ನನ್ನ ತಲೆಗೆ ಹತ್ತುವಂಥದ್ದಲ್ಲ. ಒಂದು ಸಲ, ಕಪ್ಪು ಕೋಟು ತೊಟ್ಟ ದಪ್ಪ ಮೀಸೆಯವನ ಚಿತ್ರದ ಮುಂದೆ, ಇವರು ಈ ಸೀಮೆಯನ್ನು ಆಳಿದ ದೊರೆ ಎಂದು ಧೈರ್ಯವಾಗಿ ಹೇಳಿಬಿಟ್ಟೆ. ರಿಟೈರ್ಡ್ ಬ್ಯಾಂಕ್ ಮ್ಯಾನೇಜರಮ್ಮ ಒಬ್ಬರು ಕನ್ನಡಕ ಏರಿಸಿ ಬೋರ್ಡಿಗೆ ಬಗ್ಗಿದರು.

"ದೊರೆ ಅಲ್ಲ ಕಣಪ್ಪ, ಬೇಕರಿ ಇಟ್ಟಿದ್ದನಂತೆ."

ವ್ಯಾನಿನ ಮಂದಿಯೆಲ್ಲ ನಕ್ಕರು. ಕೆಟ್ಟ ನಗುವಲ್ಲ, ಮನೆಯವರ ನಗು. ಆದರೆ ವಾಪಸು ಬರುವ ದಾರಿಯುದ್ದಕ್ಕೂ "ಏನಪ್ಪಾ ಬಿ.ಕಾಂ., ಈ ಬೆಟ್ಟ ಯಾವ ಬೇಕರಿದು?" ಅಂತ ತಮಾಷೆ. ನಾನೂ ನಕ್ಕೆ. ಒಳಗೆ ಮಾತ್ರ — ಇನ್ನು ಸತ್ತರೂ ಮ್ಯೂಸಿಯಂಗೆ ಕಾಲಿಡುವುದಿಲ್ಲ ಎಂದುಕೊಂಡೆ. ಅಂದಿನಿಂದ ಯಾರು ಕೇಳಿದರೂ ರಿಪೇರಿ ನಡೀತಿದೆ, ಇವತ್ತು ರಜ. ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಪುಟ್ಟಸ್ವಾಮಿ ಮೇಷ್ಟ್ರು ಬರುವವರೆಗೆ.

ನಂಜನಗೂಡು ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಸ್ಯಾನ್ ಹೊಸೆಯಲ್ಲಿ ಮಗಳ ಮನೆ. ಆ ಮಂಗಳವಾರ ವ್ಯಾನಿನಲ್ಲಿ ಅವರೊಬ್ಬರೇ, ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಒಂದೇ ಮಾತು. ಯಾವುದೋ ಹಳೆಯ ಕ್ಯಾಲೆಂಡರಿನಲ್ಲಿ ಚಿನ್ನದ ಕಾಲದ ಬೆಟ್ಟ, ಕಣಿವೆ, ಸಂಜೆಯ ಚಿತ್ರ ಬಂದಿತ್ತಂತೆ. ಅದನ್ನು ಗೋಡೆಗೆ ಹಚ್ಚಿ, ವರ್ಷವರ್ಷವೂ ಮಕ್ಕಳ ಕೈಯಲ್ಲಿ ನಕಲು ಮಾಡಿಸಿದ್ದರಂತೆ. ಅಸಲಿ ಚಿತ್ರ ಇರುವುದು ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂನಲ್ಲೇ ಎಂದು ಮಗಳು ಹುಡುಕಿ ಹೇಳಿದ್ದಳು. "ಬೆಳಕು ಹೆಂಗೆ ಹಚ್ಚಿದಾನೆ ಅಂತ ಒಂದ್ಸಲ ನೋಡ್ಬಿಟ್ರೆ ಸಾಕು ಕಣಯ್ಯ" ಎಂದರು. ಬೇರೆ ಏನೂ ಬೇಡ, ಸೇತುವೆ ಕೂಡ ಬೇಡ.

ಇವರಿಗೆ ರಿಪೇರಿ ಕಥೆ ಹೇಳಿದರೆ ನಂಬುವವರಲ್ಲ. ವ್ಯಾನನ್ನು ಬಾಗಿಲು ಕಾಣದ ದೂರದ ಮೂಲೆಯಲ್ಲಿ ನಿಲ್ಲಿಸಿ, ನೋಡಿಕೊಂಡು ಬರುತ್ತೇನೆ ಎಂದು ಒಬ್ಬನೇ ನಡೆದೆ. ಬಾಗಿಲು ತೆರೆದಿತ್ತು. ಜನ ಹೋಗುತ್ತಿದ್ದರು, ಬರುತ್ತಿದ್ದರು. ನನ್ನನ್ನು ನೋಡಿ ಕಾವಲಿನವನು ಬಾಗಿಲು ಹಿಡಿದು ನಿಂತ — ಬಾ ಅನ್ನುವ ಹಾಗೆ. ನಾನು ಒಂದು ಗಳಿಗೆ ನಿಂತೆ. ಡ್ರಾಯಿಂಗ್ ಮೇಷ್ಟ್ರು, ಒಂದೊಂದು ಬೋರ್ಡಿನ ಮುಂದೆಯೂ ಏನಿದೆ ಓದಯ್ಯ ಎಂದರೆ — ಅಷ್ಟೇ ನನ್ನ ತಲೆಯಲ್ಲಿದ್ದದ್ದು. ತಿರುಗಿ ಬಂದೆ.

"ಇವತ್ತು ರಜ ಮೇಷ್ಟ್ರೇ."

ಅವರು ಸೀಟ್‌ಬೆಲ್ಟು ಬಿಚ್ಚುತ್ತಾ, "ಇಷ್ಟು ದೂರ ಬಂದಿದೀವಿ. ಗೋಡೆನಾದ್ರೂ ಮುಟ್ಟಿ ಬರ್ತೀನಿ ಇರು" ಎಂದರು.

ಗೋಡೆಯವರೆಗೆ ಹೋದರೆ ಬಾಗಿಲು ಕಾಣುತ್ತದೆ. ಇಲ್ಲಿ ನಿಲ್ಲಿಸುವ ಹೊತ್ತು ಮುಗಿಯಿತು, ಪೊಲೀಸಿನವರು ಬಂದರೆ ಕಷ್ಟ ಎಂದೆ. ಅವರು ಬೆಲ್ಟು ಮತ್ತೆ ಹಾಕಿಕೊಂಡರು.

ಸಂಜೆ ಇಳಿಯುವಾಗ ಕೈಗೊಂದು ಕಾಗದದ ಚೀಲ ಕೊಟ್ಟರು. ಕಾಫಿ ಅಂಗಡಿಯ ಚೀಲದ ಮೇಲೆ ಸ್ಟೀರಿಂಗು ಹಿಡಿದು ಕೂತ ನನ್ನ ಚಿತ್ರ, ದಾರಿಯಲ್ಲೇ ಪೆನ್ಸಿಲಿನಲ್ಲಿ ಬರೆದದ್ದು. ಚೆನ್ನಾಗಿ ಬಂದಿತ್ತು. ರಾಜನ ಹಾಗೆ ಕೂತಿದ್ದೆ. ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ತುರುಕಿದೆ, ಮತ್ತೆ ತೆಗೆದು ನೋಡಲಿಲ್ಲ. ಆ ವಾರವೇ ಅವರು ಊರಿಗೆ ಹೊರಟುಹೋದರು.

ಮೂರು ವರ್ಷದ ಮೇಲೆ ಅವರ ಮಗಳು ಫೋನು ಮಾಡಿದಳು. ಅಪ್ಪ ಬಂದಿದ್ದಾರೆ, ರಾಜಣ್ಣನ ವ್ಯಾನೇ ಬೇಕಂತೆ. ಸ್ವಲ್ಪ ತಡೆದು ಹೇಳಿದಳು: ಕಣ್ಣು ಹೋಗಿದೆ. ಪೂರ್ತಿ ಅಲ್ಲ. ನೇರ ನೋಡಿದರೆ ನಡುವೆಲ್ಲ ಮಸುಕು, ಅಂಚು ಮಾತ್ರ ಕಾಣುತ್ತದೆ, ಡಾಕ್ಟರು ಕೈಬಿಟ್ಟಿದ್ದಾರೆ.

ವ್ಯಾನು ಹತ್ತುವಾಗ ಅವರು ನನ್ನ ಮುಖ ನೋಡಲು ಪಕ್ಕಕ್ಕೆ ತಿರುಗಿದರು. "ಈ ಸಲನಾದ್ರೂ ತೆಗೆದಿದಾರೇನಯ್ಯ?"

ತೆಗೆದಿದ್ದರು. ಅವರ ಕೈ ಹಿಡಿದುಕೊಂಡು ನಾನೂ ಒಳಗೆ ಹೋದೆ. ಆ ಚಿತ್ರ ಒಂದು ಗೋಡೆಯನ್ನೇ ತುಂಬಿಕೊಂಡಿತ್ತು. ಮುಂದೆ ನಿಲ್ಲಿಸಿದೆ. ಏನಿದೆ ಹೇಳು ಅಂದರು. ನನ್ನ ಕಣ್ಣು ತಾನಾಗಿ ಬೋರ್ಡಿಗೆ ಹೋಯಿತು. ಇರುವೆ ಸಾಲು. ಸುಳ್ಳು ಹೇಳಬಹುದಿತ್ತು, ಈಗ ಯಾರು ಕನ್ನಡಕ ಏರಿಸಿ ನೋಡುತ್ತಾರೆ? ಆದರೆ ಆ ಮಸುಕು ಕಣ್ಣು ಹಾಗೆ ಕಾಯುತ್ತಿರುವಾಗ, ಯಾಕೋ — ಆಗಲಿಲ್ಲ.

"ನಾನು ಬಿ.ಕಾಂ. ಅಲ್ಲ ಮೇಷ್ಟ್ರೇ. ಏಳನೇ ಕ್ಲಾಸು. ಇದನ್ನ ಓದಕ್ಕೆ ಬರಲ್ಲ ನಂಗೆ."

"ಬೋರ್ಡು ಯಾರು ಕೇಳಿದ್ರು ನಿನ್ನ? ಚಿತ್ರ ಹೇಳು."

ಬೋರ್ಡು ಅವರಿಗೆ ಬೇಕೇ ಇರಲಿಲ್ಲ. ಮೂರು ವರ್ಷದ ಹಿಂದೆಯೂ ಬೇಕಿರಲಿಲ್ಲ. ಅದು ಆಗ ಹೊಳೆಯಿತು. ಬೆಟ್ಟ ಇದೆ, ಹೊಳೆ ಇದೆ, ಸಂಜೆ, ಹಳದಿ ಎಂದು ಬಡಬಡಿಸಿದೆ.

"ಅಂಗಡಿ ಚೀಟಿ ಓದ್ದಂಗೆ ಓದ್ಬೇಡ. ಯಾವ ಹಳದಿ? ನಿಂಬೆಹಣ್ಣಿಂದಾ, ಅರಿಶಿನದ್ದಾ?"

ನಾನು ನೋಡಿದೆ. ಚಿತ್ರ ಅನ್ನುವುದನ್ನು ಹುಟ್ಟಿದಾಗಿನಿಂದ ಅವತ್ತೇ ನೋಡಿದ್ದು ಅನ್ನಿಸುತ್ತದೆ. "ಎರಡೂ ಅಲ್ಲ. ಕೊಪ್ಪರಿಗೆಲಿ ಬೆಲ್ಲ ಪಾಕ ಬರೋ ಹೊತ್ತಿಗೆ ಒಳಗಿಂದ್ಲೇ ದೀಪ ಹಚ್ಚಿದಂಗೆ ಆಗುತ್ತಲ್ಲ, ಆ ಹಳದಿ ಮೇಷ್ಟ್ರೇ. ಅಂಚಿಗೆ ಬತ್ತಾ ಕೆಂಪಿಗೆ ತಿರುಗಿದೆ."

ಅವರು ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣಿನ ಅಂಚಿಗೆ ಆ ಬೆಳಕನ್ನು ತಂದುಕೊಂಡರು. ತುಂಬ ಹೊತ್ತು ಹಾಗೇ ಇದ್ದರು. ಆಮೇಲೆ ನಗಲು ಶುರುಮಾಡಿದರು. "ಕ್ಯಾಲೆಂಡರಿನವನು ಅದನ್ನ ಪಚ್ಚಬಾಳೆಹಣ್ಣು ಮಾಡ್ಬಿಟ್ಟಿದ್ದ ಕಣಯ್ಯ. ಅಷ್ಟು ವರ್ಷ ನನ್ನ ಮಕ್ಕಳ ಕೈಲಿ ಬಾಳೆಹಣ್ಣು ಬಳಿಸಿದೀನಿ."

ಬಣ್ಣ ದಪ್ಪವೋ ತೆಳುವೋ, ಕುಂಚ ಅಡ್ಡ ಓಡಿದೆಯೋ ಉದ್ದ ಓಡಿದೆಯೋ — ಅವರು ಕೇಳುತ್ತಾ ಹೋದರು, ನಾನು ಬಗ್ಗಿ ಬಗ್ಗಿ ನೋಡಿ ಹೇಳುತ್ತಾ ಹೋದೆ. ತಪ್ಪಿದರೆ ಗದರಿದರು. ಹತ್ತಿರ ಹೋಗಬೇಡ ಎಂದು ಹೇಳಲು ಬಂದ ಕಾವಲಿನ ಹೆಂಗಸಿಗೆ ನನ್ನ ಇಂಗ್ಲಿಷಿನಲ್ಲೇ ವಿಷಯ ತಿಳಿಸಿದೆ. ಅವಳು ಹೋಗಿ ಮಡಿಸುವ ಸ್ಟೂಲೊಂದು ತಂದು ಮೇಷ್ಟ್ರನ್ನು ಕೂರಿಸಿದಳು. ಒಂದೇ ಚಿತ್ರದ ಮುಂದೆ ಊಟದ ಹೊತ್ತು ಮೀರಿತು. ಹೊರಗೆ ಬಂದು ಮೊಸರನ್ನ ತಿನ್ನುವಾಗ, ಬಿಟ್ಟ ಸ್ಕೂಲನ್ನು ಕಟ್ಟಿಹಾಕಿ ಮನೆಗೆ ಎಳೆದುಕೊಂಡು ಬಂದವನ ಹಾಗೆ ಎದೆ ಉಬ್ಬಿತ್ತು ನನಗೆ.

ಆಮೇಲಿನದು ನಿಮಗೆ ಗೊತ್ತಿರುವ ಗೆಲುವು. ಈಗ ನನ್ನ ವ್ಯಾನು ಆ ಊರಿನ ಯಾವ ಗ್ಯಾಲರಿಯನ್ನೂ ಬಿಡುವುದಿಲ್ಲ. ಚಿತ್ರ ನೋಡಿ, ಕಂಡದ್ದು ಹೇಳಿ, ಆಮೇಲೆ ಬೇಕಿದ್ದರೆ ಬೋರ್ಡು — ಇದು ನನ್ನ ಕಾನೂನು. ಬಾಯಿ ಬಿಡದ ಅಜ್ಜಿಯರೆಲ್ಲ ಮಾತಾಡುತ್ತಾರೆ. ಎಷ್ಟು ಓದಿದ್ದೀಯಪ್ಪಾ ಎಂದರೆ ಏಳನೇ ಕ್ಲಾಸು ಎನ್ನುತ್ತೇನೆ, ಜೋರಾಗಿ. ಮಂಗಳವಾರ ಮಾತ್ರ ಮೇಷ್ಟ್ರಿಗೇ ಮೀಸಲು; ಅವರು ಈಗ ಮಗಳ ಮನೆಯಲ್ಲೇ ಇದ್ದಾರೆ. ಚಿನ್ನದ ಕಾಲದ ಪುಟ್ಟ ಮ್ಯೂಸಿಯಂಗೂ ಹೋದೆವು. ಗಾಜಿನೊಳಗಿದ್ದ ಚಿನ್ನದ ತುಣುಕು ಎಷ್ಟಿದೆ ಎಂದು ಕೇಳಿದರು. ಹುರಿಗಡಲೆಗಿಂತ ಚಿಕ್ಕದು ಎಂದೆ. "ಇಷ್ಟಕ್ಕೇ ಹಡಗು ಹತ್ತಿ ಬಂದ್ರಾ ಮುಂಡೇವು" ಎಂದು ಹೊಟ್ಟೆ ಹಿಡಿದು ನಕ್ಕರು.

ಇಲ್ಲಿಗೆ ನಿಲ್ಲಿಸಿದ್ದರೆ ಸಂಘದವರು ಕೇಳಿದ ಕಥೆ ಆಗುತ್ತಿತ್ತು.

ಹೋದ ಮಂಗಳವಾರ ಅದೇ ಚಿತ್ರದ ಮುಂದೆ ಕೂತು, ಯಾರ ಮೇಲೂ ದೂರಿಲ್ಲದೆ ಮೇಷ್ಟ್ರು ಹೇಳಿದರು: "ಆವತ್ತು ರಜ ಇಲ್ದೇ ಇದ್ದಿದ್ರೆ ಪೂರ್ತಿ ಕಣ್ಣಲ್ಲಿ ನೋಡ್ತಿದ್ದೆ. ನನ್ನ ಹಣೇಲಿ ಇರ್ಲಿಲ್ಲ ಬಿಡು."

ಹಣೆಯಲ್ಲಿ ಇತ್ತು. ಕಾವಲಿನವನು ಬಾಗಿಲು ಹಿಡಿದು ನಿಂತಿದ್ದ. ನಾನು — ನಾನು ಚಿತ್ರದಲ್ಲಿ ಹೊಳೆ ಎಲ್ಲಿ ತಿರುಗುತ್ತದೆ ಎಂದು ಹೇಳತೊಡಗಿದೆ.

ಏಳನೇ ಕ್ಲಾಸು ಅನ್ನುವುದನ್ನು ಒಪ್ಪಿಕೊಂಡದ್ದಕ್ಕೇ ಎಲ್ಲ ತೀರಿತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ನನ್ನ ವಿಷಯ. ಅವರಿಂದ ಕಿತ್ತುಕೊಂಡದ್ದು ಬೇರೆ. ನಾನು ಎಷ್ಟು ಚೆನ್ನಾಗಿ ಹೇಳಿದರೂ ಅದು ನನ್ನ ಕಣ್ಣು, ನನ್ನ ಬೆಲ್ಲ. ಅವರ ಕಣ್ಣಿಗೆ ಆ ಸಂಜೆ ಹೇಗೆ ಕಾಣುತ್ತಿತ್ತೋ, ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಈ ಸಂಚಿಕೆ ಅವರ ಮನೆಗೂ ಹೋಗುತ್ತದೆ, ಮಗಳು ಓದಿ ಹೇಳುತ್ತಾಳೆ. ಅವಳ ಬಾಯಿಂದ ಅವರು ಇದನ್ನು ಮೊದಲು ಕೇಳಬಾರದು, ನಾನೇ ಹೇಳಬೇಕು. ಆಮೇಲೆ ನನ್ನ ವ್ಯಾನು ಹತ್ತುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಹತ್ತಿ ಎಂದು ನಾನು ಕೇಳುವುದಿಲ್ಲ.

ನಾಳೆ ಮಂಗಳವಾರ. ಅವರು ನನ್ನ ಚಿತ್ರ ಬರೆದುಕೊಟ್ಟ ಕಾಗದದ ಚೀಲವನ್ನು ಡಬ್ಬಿಯಿಂದ ಹೊರಗೆ ತೆಗೆದಿಟ್ಟಿದ್ದೇನೆ. ವ್ಯಾನನ್ನು ಅದೇ ಮೂಲೆಯಲ್ಲಿ ನಿಲ್ಲಿಸುತ್ತೇನೆ. ಒಳಗೆ ಕರೆದುಕೊಂಡು ಹೋಗುವ ಮೊದಲು ಮೇಷ್ಟ್ರ ಕೈಯನ್ನು ಆ ಗೋಡೆಯ ಮೇಲಿಡುತ್ತೇನೆ. ಇಟ್ಟು ಹೇಳುತ್ತೇನೆ.