ಅಪ್ಪ ಆರಿಸುತ್ತಿದ್ದ ಕೋವಿ

ಅಥವಾ ಅದು ಕೋವಿಗೆ ಹಚ್ಚುವ ಎಣ್ಣೆಯ ವಾಸನೆಯೇ ಅಲ್ಲದಿರಬಹುದು. ದುಬೈಯ ಮಿರ್ದಿಫ್‌ನ ನಮ್ಮ ಮನೆಯಲ್ಲಿ ಯಾವತ್ತೂ ಕೋವಿ ಇರಲಿಲ್ಲ. ಇದ್ದದ್ದು ಅಮ್ಮನ ಹೊಲಿಗೆ ಯಂತ್ರ, ಅದಕ್ಕೊಂದು ಪುಟ್ಟ ಎಣ್ಣೆ ಬುಡ್ಡಿ. ಹಾಗಿದ್ದೂ ಮೊನ್ನೆ ಅಬುಧಾಬಿ ದಾರಿಯ ಶೂಟಿಂಗ್ ಕ್ಲಬ್ಬಿನಲ್ಲಿ ಅಲ್ಲಿಯವನೊಬ್ಬ ಜೋಡುನಳಿಗೆಯ ಕೋವಿಯನ್ನು ಮಡಚಿ, ಒಳಗೆ ತೋಟೆ ಇಲ್ಲವೆಂದು ತೋರಿಸಿ ನನ್ನ ಕೈಗಿಟ್ಟಾಗ, ಆ ಎಣ್ಣೆಯ ವಾಸನೆಗೆ ಎದ್ದು ಬಂದದ್ದು ಮಿರ್ದಿಫ್‌ನ ಮನೆಯ ಹಾಲ್, ಅದರ ಕಂದು ಸೋಫಾ, ಕಿಟಕಿಗೆ ಅಂಟಿಸಿದ ಬೆಳ್ಳಿಬಣ್ಣದ ಹಾಳೆಯಿಂದ ಒಳಗೆ ಬರುತ್ತಿದ್ದ ಮಂಕು ಬೆಳಕು. ಬಾಡಿಗೆ ಕೋವಿಯಲ್ಲಿ ಎಷ್ಟು ದಿನ ಹೊಡೆಯುತ್ತೀ, ನಿನ್ನ ಮೈಗೆ ಹೊಂದುವಂಥದ್ದೊಂದು ಆರಿಸಿಕೋ ಎಂದು ಕ್ಲಬ್ಬಿನವರು ಹೇಳುತ್ತಲೇ ಇದ್ದರು. ಆರಿಸುವ ಮೊದಲು ಕಣ್ಣಿನ ಪರೀಕ್ಷೆ. ಕೈ ಚಾಚಿ ಗೋಡೆಯ ಗಡಿಯಾರಕ್ಕೆ ಬೆರಳು ತೋರಿಸು, ಒಂದು ಕಣ್ಣು ಮುಚ್ಚು. ಬೆರಳು ಗಡಿಯಾರದ ಮೇಲೆಯೇ ನಿಂತರೆ ತೆರೆದಿರುವುದು ನಿನ್ನ ಯಜಮಾನ ಕಣ್ಣು. ಪಕ್ಕಕ್ಕೆ ಜಿಗಿದರೆ ಅಲ್ಲ. ಅವನು ಹೇಳಿ ಮುಗಿಸುವ ಮೊದಲೇ ನಾನು ಕೈ ಚಾಚಿದ್ದೆ. ಇದನ್ನು ನನಗೆ ಕಲಿಸಿದವರು ಯಾರು ಎಂಬುದು ಖಚಿತವಾಗಿ ಗೊತ್ತಿದೆ. ಮುಂದಿನದ್ದನ್ನು ಅಷ್ಟು ಖಚಿತವಾಗಿ ಹೇಳಲಾರೆ.

ಮನೆ ಎಂದರೆ ಒಂದು ವಿಲ್ಲಾದ ತುಂಡು. ಮಧ್ಯೆ ಪ್ಲೈವುಡ್ ಹೊಡೆದು ಮೂರು ಸಂಸಾರಗಳಿಗೆ ಹಂಚಿದ್ದರು. ನಮ್ಮ ಪಾಲಿಗೆ ಹಾಲ್, ಒಂದು ಕೋಣೆ, ಮೊದಲು ಕಾರು ನಿಲ್ಲಿಸುತ್ತಿದ್ದ ಜಾಗದಲ್ಲಿ ಅಡುಗೆಮನೆ. ಹಾಲ್‌ನಲ್ಲಿ ಅಮ್ಮನ ತಮ್ಮ ಸುಧಾಕರ ಮಾವ ಮಲಗುತ್ತಿದ್ದ. ಶುಕ್ರವಾರ ಕುಚ್ಚಲಕ್ಕಿ ಗಂಜಿಯ ಹಬೆ, ಬಂಗುಡೆ ಹುರಿದ ಹೊಗೆ, ಪಕ್ಕದ ಸಂಸಾರದವರ ಊದುಬತ್ತಿ, ವಿಮಾನ ಇಳಿಯುವಾಗ ಅಲುಗುವ ಗಾಜು. ನಿಮಗೂ ಇಂಥದ್ದೊಂದು ಮನೆ ಇದ್ದಿರಬಹುದು. ಮತ್ತೆ ಹುಡುಕಿಕೊಂಡು ಹೋದರೆ ಗೋಡೆಗಳ ಜಾಗವೇ ಬದಲಾಗಿರುವ ಮನೆ. ಅಪ್ಪ ಹೋಟೆಲುಗಳಿಗೆ ದಿನಸಿ ಒದಗಿಸುವ ಕಂಪನಿಯಲ್ಲಿದ್ದರು. ದುಬೈಯಿಂದ ಅಬುಧಾಬಿಗೆ, ಅಬುಧಾಬಿಯಿಂದ ದುಬೈಗೆ ದಿನವೂ ಕಾರು ಓಡಿಸುವುದೇ ಅವರ ಕೆಲಸದ ಮುಕ್ಕಾಲು ಪಾಲು. ಕಾರು ಓಡಿದರೆ ಕೆಲಸ, ಕೆಲಸವಿದ್ದರೆ ವೀಸಾ, ವೀಸಾ ಇದ್ದರೆ ಪ್ಲೈವುಡ್ಡಿನ ಈ ಕಡೆ ನಾವು. ಇದು ನನಗೆ ಆಗ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು. ಅದಕ್ಕೇ ಅಪ್ಪ ಹೊರಡುವಾಗ ಕಾರಿನ ಬಾನೆಟ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಅಪ್ಪ ಕೋವಿ ಆರಿಸತೊಡಗಿದ್ದು ಒಂದು ಚಳಿಗಾಲದಲ್ಲಿ. ಊರಿಗೆ ಹೋಗಿ ನೆಲೆಸುವಾಗ ಒಂದು ಒಳ್ಳೆಯ ಕೋವಿ ಬೇಕು, ಯಾವುದು ಎಂದು ಇಲ್ಲಿಯೇ ಹೊಡೆದು ನೋಡಿ ತೀರ್ಮಾನಿಸುತ್ತೇನೆ ಎಂದು ಕಾರಣ ಕೊಟ್ಟಿದ್ದರು. ಅವರ ಅಪ್ಪನ ಬಳಿ ಮೊಲ, ಕಾಡುಕೋಳಿ ಹೊಡೆಯುವ ಒಂಟಿನಳಿಗೆಯ ಹಳೆಯ ಕೋವಿ ಇತ್ತಂತೆ. ಆದರೆ ಈಗ ಊರಲ್ಲಿ ಮೊಲವೂ ಇರಲಿಲ್ಲ, ಹೊಡೆಯಲು ಅನುಮತಿಯೂ ಇರಲಿಲ್ಲ. ಅಪ್ಪನಿಗೆ ಇದು ತಿಳಿಯದ್ದೇನಲ್ಲ. ಆದರೂ ಊಟಕ್ಕೆ ಕುಳಿತಾಗ ಅದೇ ಮಾತು. ಹನ್ನೆರಡು ಬೋರಿನದ್ದು ಭುಜಕ್ಕೆ ಒದೆಯುತ್ತದೆ, ಇಪ್ಪತ್ತರದ್ದು ಹಗುರ, ಆದರೆ ಅದರ ತೋಟೆಯಲ್ಲಿ ಚರೆಗುಂಡು ಕಡಿಮೆ. ನಳಿಗೆ ಅಕ್ಕಪಕ್ಕ ಇದ್ದರೆ ಚೆಂದ, ಮೇಲೆ ಕೆಳಗೆ ಇದ್ದರೆ ಗುರಿಗೆ ಸುಲಭ. "ಮೊಲಕ್ಕೂ ಆಗಬೇಕು, ಇಲ್ಲಿ ಬಿಲ್ಲೆ ಹೊಡೀಲಿಕ್ಕೂ ಆಗಬೇಕು," ಎನ್ನುತ್ತಿದ್ದರು. ಬಿಲ್ಲೆ ಎಂದರೆ ಕ್ಲಬ್ಬಿನಲ್ಲಿ ಯಂತ್ರ ಆಕಾಶಕ್ಕೆ ಎಸೆಯುವ ಕಿತ್ತಳೆ ಬಣ್ಣದ ತಟ್ಟೆ.

"ಊರಲ್ಲಿ ಮೊಲ ಎಲ್ಲಿ ಉಂಟು ಮಾರಾಯ್ರೆ? ಪೂರಾ ರಬ್ಬರ್ ಹಾಕಿದ್ದಾರೆ," ಎಂದಳು ಅಮ್ಮ.

"ಅಕ್ಕ, ನೀನು ಸುಮ್ಮನಿರು. ಬಾವ ಹೆಣ್ಣು ನೋಡಿದ ಹಾಗೆ ಕೋವಿ ನೋಡ್ತಿದ್ದಾರೆ. ಒಂದು ಕುಳ್ಳಿಯಂತೆ, ಒಂದು ಸೊಟ್ಟಮೂತಿಯಂತೆ. ಕಡೆಗೆ ನೋಡು, ಮದುವೆಯೇ ಆಗುದಿಲ್ಲ," ಎಂದ ಮಾವ.

"ನಿನಗೆ ಸಿಕ್ಕಿಲ್ಲ ಅಂತ ಹೊಟ್ಟೆಕಿಚ್ಚು," ಎಂದರು ಅಪ್ಪ. ಎಲ್ಲರೂ ನಕ್ಕರು. ಅಪ್ಪ ಪೊರಕೆಯ ಕೋಲನ್ನು ನನ್ನ ಭುಜಕ್ಕಿಟ್ಟು, ಕೆನ್ನೆ ಒತ್ತಿಸಿ, ದೀಪಕ್ಕೆ ಬೆರಳು ತೋರಿಸಲು ಹೇಳಿದ್ದು ಅಂದೇ ಇರಬೇಕು. ಆಮೇಲೆ ತಾವೂ ಕೈ ಚಾಚಿದರು. ಒಂದು ಕಣ್ಣು ಮುಚ್ಚಿದರು, ತೆರೆದರು. ಇನ್ನೊಂದನ್ನು ಮುಚ್ಚಿದರು. ಕೈ ಹಾಗೆಯೇ ಚಾಚಿಕೊಂಡು ಸ್ವಲ್ಪ ಹೊತ್ತು ನಿಂತಿದ್ದರು. ಈ ಕೊನೆಯ ಭಾಗವನ್ನು ನಾನು ಕಂಡೆನೋ, ಆಮೇಲೆ ಸೇರಿಸಿದೆನೋ. ಅಮ್ಮನನ್ನು ಕೇಳಿದರೆ ಆ ಮನೆಯಲ್ಲಿ ಪೊರಕೆಗೆ ಕೋಲೇ ಇರಲಿಲ್ಲ ಎನ್ನುತ್ತಾಳೆ.

ಕ್ಲಬ್ಬಿಗೆ ಅಪ್ಪ ನನ್ನನ್ನೂ ಕರೆದೊಯ್ಯುತ್ತಿದ್ದರು. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂರುವುದು ನನ್ನ ಕೆಲಸ. ಬಿಲ್ಲೆ ಬಿಡಲು ಅಪ್ಪ ಕೂಗುತ್ತಿದ್ದರು, ಬಿಲ್ಲೆ ಹಾರುತ್ತಿತ್ತು, ಕೋವಿ ಸಿಡಿಯುತ್ತಿತ್ತು, ಬಿಲ್ಲೆ ಹಾರಿಕೊಂಡು ಹೋಗಿ ಮರಳಿಗೆ ಬೀಳುತ್ತಿತ್ತು. "ಒಡೀತಾ ಮಗಾ?" "ನೋ ಅಪ್ಪಾ. ಮಿಸ್ಡ್." ಪ್ರತಿ ವಾರ ಬೇರೆ ಕೋವಿ, ಪ್ರತಿ ಕೋವಿಗೂ ಒಂದು ದೂರು. ಇದರ ಮರದ ಹಿಡಿ ಗಿಡ್ಡ, ಕೆನ್ನೆಗೆ ಕೂರುವುದಿಲ್ಲ. ಇದರ ಮೂತಿ ಭಾರ. ಇದು ಎಡಕ್ಕೆ ಎಳೆಯುತ್ತದೆ. ಕಲಿಸುವವರು ಪೇಶಾವರದ ಕಡೆಯ ಒಬ್ಬ ಹಿರಿಯರು, ನಾವು ಖಾನ್ ಸಾಹೇಬರು ಎನ್ನುತ್ತಿದ್ದೆವು. ಅವರು ಒಮ್ಮೆ ಅಪ್ಪನ ಹಿಂದೆ ನಿಂತು ನೋಡಿ ನಕ್ಕರು. "ಭಾಯ್, ಬಂದೂಕು ಠೀಕ್ ಹೈ. ನಿಮ್ಮ ಎಡಗಣ್ಣು ದಾದಾಗಿರಿ ಮಾಡ್ತಿದೆ. ಬಹಳ ಜನಕ್ಕೆ ಹೀಗೇ," ಎಂದರು. ಅವರದ್ದು ಹಿಂದಿ, ನನ್ನ ಕಿವಿಯಲ್ಲಿ ಅದು ಅರ್ಧ ಕನ್ನಡವಾಗಿ ಉಳಿದಿದೆ. ಕೋವಿ ಬಲಭುಜಕ್ಕೆ ಇದ್ದು ಎಡಗಣ್ಣು ಮುಂದಾಗಿ ಗುರಿ ಹಿಡಿದರೆ ಏಟು ಎಡಕ್ಕೇ ಹೋಗುತ್ತದೆ. ಅದಕ್ಕೆ ಎಲ್ಲ ಕ್ಲಬ್ಬಿನಲ್ಲೂ ಮಾಡುವ ಉಪಾಯ ಒಂದಿದೆ. ಖಾನ್ ಸಾಹೇಬರು ಜೇಬಿನಿಂದ ಮಸುಕು ಟೇಪು ತೆಗೆದು ಅಪ್ಪನ ಕನ್ನಡಕದ ಎಡಗಾಜಿಗೆ ಅಂಟಿಸಿದರು. ಈಗ ಬಲಗಣ್ಣು ಕೆಲಸ ಮಾಡಲೇಬೇಕು. "ಯಲ್ಲಾ," ಎಂದರು, ಶುರು ಮಾಡಿ ಎಂಬಂತೆ.

ಅಪ್ಪ ಕೋವಿ ಭುಜಕ್ಕೇರಿಸಿದರು. ಕೂಗಲಿಲ್ಲ. ಮೂತಿ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಹೋಯಿತು. ನಾನು ಕಾದೆ, ಖಾನ್ ಸಾಹೇಬರು ಕಾದರು, ಬಿಲ್ಲೆಯ ಯಂತ್ರದ ಗುಂಡಿ ಒತ್ತುವವನು ಕಾದ. ಎದುರಿಗೆ ಬರೀ ಮರಳು, ಬಿಳಿ ಆಕಾಶ. ಕೊನೆಗೆ ಅಪ್ಪ ಕೋವಿ ಇಳಿಸಿ, ಮಡಚಿ, ತೋಟೆಗಳನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಇವತ್ತು ಗಾಳಿ ಜಾಸ್ತಿ. ಖಲಾಸ್," ಎಂದರು. ಗಾಳಿ ಇರಲಿಲ್ಲ. ಕಂಬದ ಬಾವುಟ ಜೋತುಬಿದ್ದಿತ್ತು. ಖಾನ್ ಸಾಹೇಬರು ಅಪ್ಪನ ಮುಖದಿಂದ ಕನ್ನಡಕ ತೆಗೆದುಕೊಂಡು ಉಗುರಿನಿಂದ ಟೇಪನ್ನು ಮೆಲ್ಲಗೆ ಕಿತ್ತರು. ಅಪ್ಪನೇ ಕಾರು ಓಡಿಸಿದರು. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನನಗೆ ಕರಕ್ ಚಹಾ ಕೊಡಿಸಿದರು, ತಾವು ಸಕ್ಕರೆ ಇಲ್ಲದ್ದು ಕೇಳಿದರು. ಆವರೆಗೆ ಅವರು ಸಕ್ಕರೆ ಬಿಟ್ಟದ್ದು ನನಗೆ ಗೊತ್ತಿರಲಿಲ್ಲ.

ಮುಂದಿನ ಶುಕ್ರವಾರ ಅವರು ಕೋವಿಯನ್ನು ಎಡಭುಜಕ್ಕಿಟ್ಟರು, ಅಥವಾ ಅದು ಇನ್ನೊಂದು ಶುಕ್ರವಾರ. ಒಂದು ಬಿಲ್ಲೆ ಒಡೆಯಿತು. ಕಿತ್ತಳೆ ಹುಡಿ ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೇ ಇತ್ತು. "ಒಡೀತು ಅಪ್ಪಾ," ಎಂದೆ. "ನನಗೆ ಕಂಡಿತು," ಎಂದರು. ಕೋವಿಯ ಮಾತು ಅಲ್ಲಿಗೆ ನಿಂತಿತು. ಮಾವ ಕೆಣಕಿದರೂ ಮುಂದುವರಿಸಲಿಲ್ಲ.

ಉಳಿದದ್ದೆಲ್ಲ ಬೇಗ ಆಯಿತು. ಡ್ರೈವಿಂಗ್ ಲೈಸೆನ್ಸ್ ನವೀಕರಿಸುವ ಹೊತ್ತಿಗೆ ಕಣ್ಣು ತೋರಿಸಲೇಬೇಕಾಯಿತು. ಸಕ್ಕರೆ ಕಾಯಿಲೆ ಬಲಗಣ್ಣನ್ನು ಯಾವಾಗಲೋ ತಿಂದಿತ್ತು. ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರರು ಅಮ್ಮನಿಗೆ ಹೇಳಿದರಂತೆ. ಲೈಸೆನ್ಸ್ ಸಿಗಲಿಲ್ಲ, ಕಂಪನಿ ಅಪ್ಪನ ಜಾಗಕ್ಕೆ ಬೇರೆಯವನನ್ನು ತೆಗೆದುಕೊಂಡಿತು. ಮಾವ ಇಂಟರ್‌ನ್ಯಾಷನಲ್ ಸಿಟಿಯ ಬ್ಯಾಚುಲರ್ ರೂಮಿಗೆ ಹೋದ, ಹೊಲಿಗೆ ಯಂತ್ರ ಪಕ್ಕದ ಸಂಸಾರಕ್ಕೆ ಹೋಯಿತು, ನಾವು ಊರಿಗೆ ಹೋದೆವು. ಅಪ್ಪ ಅಲ್ಲಿ ಕೆಲವು ವರ್ಷ ಇದ್ದರು, ಹೆಚ್ಚಾಗಿ ಜಗಲಿಯ ಬಲತುದಿಯಲ್ಲಿ, ಬರುವವರು ಎಡಗಣ್ಣಿಗೆ ಕಾಣುವ ಹಾಗೆ. ಅವರು ಹೋದಾಗ ನಾನು ಅತ್ತೆನೋ ಇಲ್ಲವೋ ನೆನಪಿಲ್ಲ. ಈಗ ಮತ್ತೆ ದುಬೈಯಲ್ಲಿದ್ದೇನೆ, ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನನ್ನದೊಂದು ಮನೆ ಇದೆ, ನನ್ನ ಹೆಸರಿನ ವೀಸಾ ಇದೆ. ಮೊನ್ನೆ ಗಡಿಯಾರಕ್ಕೆ ಬೆರಳು ತೋರಿಸಿದೆ. ನನ್ನ ಯಜಮಾನ ಕಣ್ಣು ಬಲಗಣ್ಣು. ಕೋವಿ ಆರಿಸದೆ ಬಂದೆ.

ಒಂದು ಆಟವಿತ್ತು. ಕಾರಿನಲ್ಲಿ ನಾನು ಹಿಂದಿನ ಸೀಟಿನ ಬಲಕಿಟಕಿಗೆ ಕೂರಬೇಕು, ಅಪ್ಪ ಲೇನ್ ಬದಲಿಸುವ ಮೊದಲು, "ಬಲಗಡೆ ಖಾಲಿಯಾ ಮಗಾ?" ಎಂದು ಕೇಳುತ್ತಾರೆ, ನಾನು ನೋಡಿ, "ಕ್ಲಿಯರ್ ಅಪ್ಪಾ," ಎನ್ನಬೇಕು. ಸರಿಯಾಗಿ ಹೇಳಿದರೆ ನಾನು ಪೈಲಟ್. ಅಮ್ಮ ಮುಂದಿನ ಸೀಟಿನಲ್ಲಿ ನಗುತ್ತಿದ್ದಳು. ಆ ಆಟ ಶುರುವಾದದ್ದು ಟೇಪಿನ ದಿನದ ನಂತರವೋ, ಅಥವಾ ಅಪ್ಪ ಕೋವಿಯ ಮಾತೆತ್ತುವುದಕ್ಕೂ ಮೊದಲೋ, ನನಗೆ ಗೊತ್ತಿಲ್ಲ.